ಪ್ರಾರ್ಥನೆ ಮಾಡದ ತಮ್ಮನಿಗೇ ಧರ್ಮದ ಸಿಟ್ಟು ಹೆಚ್ಚೇಕೆ?

ಪ್ರಶ್ನೆ: ನನ್ನ ತಾಯಿಗೆ ಅರವತ್ತೆಂಟು ವರ್ಷ. ಪ್ರಾರ್ಥನೆ, ಉಪವಾಸ, ಹರಕೆ ಯಾವುದನ್ನೂ ತಪ್ಪಿಸಿದವರಲ್ಲ. ಪಕ್ಕದ ಮನೆಯಲ್ಲಿ ಬೇರೆ ಧರ್ಮದವರಿದ್ದಾರೆ. ನಾವು ಚಿಕ್ಕವರಿದ್ದಾಗಿನಿಂದಲೂ ಎರಡು ಮನೆಗಳ ನಡುವೆ ಹಬ್ಬದ ಅಡುಗೆ ಓಡಾಡುತ್ತದೆ. ಅವರಿಂದ ಬಂದದ್ದನ್ನು ಅಮ್ಮ ತಿನ್ನುವುದಿಲ್ಲ, ಕೆಲಸದವರಿಗೆ ಕೊಡುತ್ತಾರೆ, ಅಷ್ಟೇ. ಜಗಳ ಎಂಬುದು ಇಲ್ಲವೇ ಇಲ್ಲ. ನನ್ನ ತಮ್ಮ ಬೆಂಗಳೂರಿನಲ್ಲಿ ಎಂಜಿನಿಯರ್. ಅವನು ಪ್ರಾರ್ಥನೆ ಮಾಡಿದ್ದನ್ನು ನಾನು ನೋಡಿ ಎಷ್ಟೋ ವರ್ಷಗಳಾದವು. ‘ದೇವರು ಇದ್ದಾನೋ ಇಲ್ಲವೋ ಗೊತ್ತಿಲ್ಲ’ ಎಂದು ಅವನೇ ಹೇಳುತ್ತಾನೆ. ಆದರೆ ಕೆಲಸ ಹೋಗಿ ಹೊಸದು ಸಿಕ್ಕ ಮೇಲೆ, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅವನು ಹಾಕುವುದೆಲ್ಲ ನಮ್ಮ ಧರ್ಮಕ್ಕೆ ಆಗುತ್ತಿರುವ ಅನ್ಯಾಯದ ಬಗ್ಗೆ, ‘ಅವರ’ ಬಗ್ಗೆ. ಸುದ್ದಿ ಸುಳ್ಳೆಂದು ತೋರಿಸಿಕೊಟ್ಟರೆ ಇನ್ನಷ್ಟು ಕೆರಳುತ್ತಾನೆ. ಕಳೆದ ಹಬ್ಬಕ್ಕೆ ಬಂದಾಗ ಪಕ್ಕದ ಮನೆಯ ಹಿರಿಯರು ಮಾತನಾಡಿಸಿದರೆ ಮುಖ ತಿರುಗಿಸಿದ. ನಂಬಿಕೆಯೇ ಇಲ್ಲದವನಿಗೆ ಧರ್ಮದ ವಿಷಯದಲ್ಲಿ ಇಷ್ಟು ಸಿಟ್ಟು ಎಲ್ಲಿಂದ ಬರುತ್ತದೆ? ನಾನು ಆ ಗುಂಪನ್ನು ಬಿಟ್ಟುಬಿಡಲೇ?

ಉತ್ತರ: ನಿಮ್ಮ ಧರ್ಮ ಯಾವುದು, ಪಕ್ಕದ ಮನೆಯವರದು ಯಾವುದು ಎಂದು ಪತ್ರದಲ್ಲಿ ಬರೆದಿದ್ದಿರಿ. ಆ ಎರಡು ಪದಗಳನ್ನು ಬೇಕೆಂದೇ ತೆಗೆದಿದ್ದೇನೆ. ಓದುವವರು ಇಷ್ಟರಲ್ಲೇ ಏನೋ ಒಂದು ಊಹೆ ಮಾಡಿಕೊಂಡಿರುತ್ತಾರೆ. ಅದು ಸರಿಯಿರಲಿ, ತಪ್ಪಿರಲಿ, ನಾನು ಮುಂದೆ ಬರೆಯುವುದರಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

‘ನಂಬಿಕೆಯೇ ಇಲ್ಲದವನಿಗೆ’ ಎಂದು ಕೇಳಿದ್ದೀರಿ. ನಂಬಿಕೆ ಹೆಚ್ಚಿದಷ್ಟೂ ಧರ್ಮಾಭಿಮಾನ ಹೆಚ್ಚು, ಅಭಿಮಾನ ಹೆಚ್ಚಿದಷ್ಟೂ ಸಿಟ್ಟು ಹೆಚ್ಚು ಎಂಬ ಲೆಕ್ಕವೊಂದು ನಮ್ಮೆಲ್ಲರ ತಲೆಯಲ್ಲಿದೆ. ಧರ್ಮವನ್ನು ಮೆಚ್ಚುವವರೂ ಹಳಿಯುವವರೂ ಇದೊಂದರಲ್ಲಿ ಮಾತ್ರ ಒಮ್ಮತದಿಂದಿದ್ದಾರೆ. ಆದರೆ ಮನಶ್ಶಾಸ್ತ್ರದ ಐವತ್ತು ಅರವತ್ತು ವರ್ಷಗಳ ಕೆಲಸ ಈ ಲೆಕ್ಕವನ್ನು ಒಪ್ಪುವುದಿಲ್ಲ. ದೇವರನ್ನು ನಂಬುವುದು ಒಂದು ಕೆಲಸ. ನಂಬುವವರ ಗುಂಪಿಗೆ ತಾನು ಸೇರಿದವನೆಂದು ತಿಳಿಯುವುದು ಇನ್ನೊಂದು ಕೆಲಸ. ಎರಡೂ ಒಂದೇ ಮನುಷ್ಯನಲ್ಲಿ ಒಟ್ಟಿಗೆ ಇರಬಹುದು. ಒಂದೇ ಇದ್ದು ಇನ್ನೊಂದು ಇಲ್ಲದೆಯೂ ಇರಬಹುದು. ನಿಮ್ಮ ತಮ್ಮನಲ್ಲಿ ಕುದಿಯುತ್ತಿರುವುದು ಎರಡನೆಯದು.

ನಮ್ಮ ದೇಶದ್ದೇ ಪುರಾವೆ ನೋಡಿ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರ ಕೊನೆ ಮತ್ತು 2020ರ ಆರಂಭದಲ್ಲಿ ಭಾರತದ ಸುಮಾರು 30,000 ವಯಸ್ಕರನ್ನು ಅವರವರ ಭಾಷೆಯಲ್ಲೇ ಮಾತನಾಡಿಸಿ, 2021ರಲ್ಲಿ ವರದಿ ಪ್ರಕಟಿಸಿತು. ಅದರಲ್ಲಿ ಒಂದು ಪ್ರಶ್ನೆ: ಯಾರನ್ನು ನಿಮ್ಮವರಲ್ಲ ಎನ್ನುತ್ತೀರಿ? ದೇವರನ್ನು ನಂಬದವನು ಹಿಂದೂ ಆಗಲಾರ ಎಂದ ಹಿಂದೂಗಳು ಶೇ 49. ದನದ ಮಾಂಸ ತಿನ್ನುವವನು ಹಿಂದೂ ಆಗಲಾರ ಎಂದವರು ಶೇ 72. ಮುಸ್ಲಿಮರಲ್ಲೂ ಇದೇ ಕಥೆ: ದೇವರನ್ನು ನಂಬದವನು ಮುಸ್ಲಿಮನಲ್ಲ ಎಂದವರು ಶೇ 60, ಹಂದಿಮಾಂಸ ತಿನ್ನುವವನು ಮುಸ್ಲಿಮನಲ್ಲ ಎಂದವರು ಶೇ 77. ಅಂದರೆ ದೇವರನ್ನೇ ಬಿಟ್ಟವನಿಗೆ ಒಳಗೆ ಜಾಗವಿರಬಹುದು, ತಟ್ಟೆಯ ಗೆರೆ ದಾಟಿದವನಿಗೆ ಇರುವುದು ಕಷ್ಟ. ಅದೇ ಸಮೀಕ್ಷೆಯಲ್ಲಿ ಕರ್ಮವನ್ನು ನಂಬುತ್ತೇವೆ ಎಂದ ಹಿಂದೂಗಳು ಶೇ 77, ಮುಸ್ಲಿಮರೂ ಶೇ 77. ನಂಬಿಕೆಗಳು ಬೇಲಿ ಹಾರಿ ಆಚೀಚೆ ಓಡಾಡಿಕೊಂಡಿವೆ. ಬೇಲಿ ಮಾತ್ರ ಇದ್ದಲ್ಲೇ ಇದೆ.

ಉತ್ತರ ಐರ್ಲೆಂಡಿನಲ್ಲಿ ಒಂದು ಹಳೆಯ ನಗೆಹನಿ ಇದೆ. ಹೊಸದಾಗಿ ಬಂದವನೊಬ್ಬ ‘ನಾನು ನಾಸ್ತಿಕ’ ಎನ್ನುತ್ತಾನೆ. ‘ಅದು ಸರಿಯಪ್ಪ, ಕ್ಯಾಥೊಲಿಕ್ ನಾಸ್ತಿಕನೋ ಪ್ರೊಟೆಸ್ಟಂಟ್ ನಾಸ್ತಿಕನೋ?’ ಎಂದು ಎದುರಿನವನು ಕೇಳುತ್ತಾನೆ. ಅಲ್ಲಿ 1960ರ ದಶಕದ ಕೊನೆಯಿಂದ 1998ರ ಒಪ್ಪಂದದವರೆಗೆ ನಡೆದ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಪೂಜೆಯ ರೊಟ್ಟಿ ನಿಜವಾಗಿ ಕ್ರಿಸ್ತನ ದೇಹವಾಗುತ್ತದೆಯೇ ಎಂಬ ದೇವತಾಶಾಸ್ತ್ರದ ತಕರಾರಿಗಾಗಿ ಯಾರೂ ಬಾಂಬ್ ಇಡಲಿಲ್ಲ. ಜಗಳವಿದ್ದದ್ದು ನಾಡು ಯಾರದು, ಕೆಲಸ ಯಾರಿಗೆ, ಮನೆ ಯಾರಿಗೆ, ಪೊಲೀಸರು ಯಾರ ಕಡೆ ಎಂಬುದರಲ್ಲಿ. ಚರ್ಚಿಗೆ ಕಾಲಿಡದವನ ಪಕ್ಷವನ್ನೂ ಅವನ ಹೆಸರು, ಓದಿದ ಶಾಲೆ, ಆಡುವ ಆಟ ಹೇಳಿಬಿಡುತ್ತಿದ್ದವು. ಇಂಗ್ಲಿಷ್ ವರ್ಣಮಾಲೆಯ ಎಂಟನೆಯ ಅಕ್ಷರವನ್ನು ‘ಏಚ್’ ಎಂದರೆ ಒಂದು ಕಡೆ, ‘ಹೇಚ್’ ಎಂದರೆ ಇನ್ನೊಂದು ಕಡೆ. ನಮ್ಮಲ್ಲೂ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತು ‘ನೀವು ಯಾವ ಪೈಕಿ?’ ಎಂದು ಕೇಳುವವರಿಗೆ ನೀವು ದ್ವೈತಿಯೋ ಅದ್ವೈತಿಯೋ ಎಂಬ ಕುತೂಹಲ ಇರುವುದಿಲ್ಲ.

ಗುಂಪು ಎಂಬುದು ಮನಸ್ಸನ್ನು ಎಷ್ಟು ಸುಲಭವಾಗಿ ಹಿಡಿಯುತ್ತದೆ ಎಂದು ತೋರಿಸಿದವರು ಹೆನ್ರಿ ತಾಜ್‌ಫೆಲ್ ಎಂಬ ಸಾಮಾಜಿಕ ಮನಶ್ಶಾಸ್ತ್ರಜ್ಞ. ಪೋಲೆಂಡಿನಲ್ಲಿ 1919ರಲ್ಲಿ ಹುಟ್ಟಿದ ಯಹೂದಿ. ಫ್ರಾನ್ಸಿನಲ್ಲಿ ಓದುತ್ತಿದ್ದಾಗ ಯುದ್ಧ ಬಂತು, ಫ್ರೆಂಚ್ ಸೈನ್ಯ ಸೇರಿ 1940ರಲ್ಲಿ ಜರ್ಮನರ ಕೈಗೆ ಸಿಕ್ಕಿಬಿದ್ದರು. ಯಹೂದಿ ಎಂಬುದನ್ನು ಮುಚ್ಚಿಡದಿದ್ದರೂ ಫ್ರೆಂಚನೆಂಬ ಲೆಕ್ಕದಲ್ಲೇ ಉಳಿದರು. ಪೋಲೆಂಡಿನವನೆಂದು ಗೊತ್ತಾಗಿದ್ದರೆ ಬದುಕುತ್ತಿರಲಿಲ್ಲ. ಯುದ್ಧ ಮುಗಿದು ಹಿಂದಿರುಗಿದಾಗ ಮನೆಯವರಲ್ಲಿ ಬಹುತೇಕ ಯಾರೂ ಉಳಿದಿರಲಿಲ್ಲ. ಅವರು ಎಂಥ ಮನುಷ್ಯ ಎಂದು ಯಾರೂ ಕೇಳಿರಲಿಲ್ಲ. ಯಾವ ಪಟ್ಟಿಯಲ್ಲಿ ಹೆಸರಿದೆ ಎಂಬುದಷ್ಟೇ ಜೀವ ಉಳಿಸಿತ್ತು. ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾಧ್ಯಾಪಕರಾದ ಅವರು ಹಿಡಿದ ಪ್ರಶ್ನೆ ಇದು: ಜಗಳಕ್ಕೆ ಕಾರಣವಾಗುವ ಇತಿಹಾಸ, ಆಸ್ತಿ, ದ್ವೇಷ ಎಲ್ಲವನ್ನೂ ತೆಗೆದುಹಾಕಿ ಬರೀ ‘ನೀನು ಈ ಗುಂಪು, ಅವನು ಆ ಗುಂಪು’ ಎಂಬುದನ್ನಷ್ಟೇ ಉಳಿಸಿದರೆ ಏನಾಗುತ್ತದೆ?

ಅವರು 1970ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದವರು 14–15 ವರ್ಷದ ಶಾಲಾ ಹುಡುಗರು, ಒಬ್ಬರಿಗೊಬ್ಬರು ಪರಿಚಿತರು. ಮೊದಲ ಸಲ ಪರದೆಯ ಮೇಲಿನ ಚುಕ್ಕೆಗಳು ಎಷ್ಟೆಂದು ಅಂದಾಜು ಮಾಡಲು ಹೇಳಿದರು. ಇನ್ನೊಂದು ಸಲ ಪಾಲ್ ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳಲ್ಲಿ ಇಷ್ಟವಾದದ್ದನ್ನು ಆರಿಸಲು ಹೇಳಿದರು. ಆಮೇಲೆ ‘ನೀನು ಕ್ಲೀ ಗುಂಪು’, ‘ನೀನು ಕ್ಯಾಂಡಿನ್‌ಸ್ಕಿ ಗುಂಪು’ ಎಂದು ಹಂಚಿದರು. ಹಂಚಿದ್ದು ನಿಜವಾಗಿ ಚೀಟಿ ಎತ್ತಿದಂತೆ, ಮನಬಂದ ಹಾಗೆ. ನಂತರ ಪ್ರತಿ ಹುಡುಗನೂ ಒಬ್ಬನೇ ಕುಳಿತು, ಮುಖ ಕಾಣದ ಇಬ್ಬರಿಗೆ ಹಣವಾಗುವ ಅಂಕ ಹಂಚಬೇಕಿತ್ತು. ಅವನಿಗೆ ಗೊತ್ತಿದ್ದದ್ದು ಒಬ್ಬ ತನ್ನ ಗುಂಪಿನವನು, ಇನ್ನೊಬ್ಬ ಎದುರು ಗುಂಪಿನವನು ಎಂಬುದು ಮಾತ್ರ. ತನಗೆ ತಾನು ಕೊಟ್ಟುಕೊಳ್ಳುವ ಹಾಗಿರಲಿಲ್ಲ.

ಹಂಚುವ ಹಾಳೆಯಲ್ಲಿ ಒಂದು ತುದಿಯಲ್ಲಿ ‘ನಮ್ಮವನಿಗೆ 19, ಅವನಿಗೆ 25’ ಎಂದಿತ್ತು. ಇನ್ನೊಂದು ತುದಿಯಲ್ಲಿ ‘ನಮ್ಮವನಿಗೆ 7, ಅವನಿಗೆ 1’. ನಡುವೆ 13–13. ತಮ್ಮವರಿಗೆ ಲಾಭವಾಗಬೇಕೆಂದಿದ್ದರೆ 19–25 ಆರಿಸಬೇಕು, ನ್ಯಾಯ ಬೇಕೆಂದಿದ್ದರೆ 13–13. ಹುಡುಗರು ನ್ಯಾಯವನ್ನು ಪೂರ್ತಿ ಬಿಡಲಿಲ್ಲ, ಅದು ಅವರ ಪುಣ್ಯ. ಆದರೆ ಮತ್ತೆ ಮತ್ತೆ ವಾಲಿದ್ದು ‘ನಮ್ಮವರು ಮುಂದಿರಬೇಕು’ ಎಂಬ ಕಡೆಗೆ, ಹಾಗೆ ಮಾಡಿದರೆ ತಮ್ಮವರ ಕೈಗೆ ಬರುವುದೇ ಕಡಿಮೆಯಾಗುತ್ತಿದ್ದರೂ. ಅವರಿಗೆ ಬೇಕಾದದ್ದು ಅಂತರ. ನಿಮ್ಮ ತಮ್ಮ ಕಳಿಸುವ ಸಂದೇಶಗಳನ್ನು ಒಮ್ಮೆ ಈ ಕಣ್ಣಿನಿಂದ ನೋಡಿ. ‘ನಮಗೆ ಇಂಥದ್ದು ಬೇಕು’ ಎಂಬವು ಎಷ್ಟು, ‘ಅವರಿಗೆ ಮಾತ್ರ ಯಾಕೆ’ ಎಂಬವು ಎಷ್ಟು?

ಇದು ಆಟದ ಅಂಕವಾಯಿತು. ಜೀವ ತೆಗೆಯುವ ಮಟ್ಟದಲ್ಲೂ ಇದೇ ವಿಂಗಡಣೆ ನಿಲ್ಲುತ್ತದೆಯೇ ಎಂದು ಮನಶ್ಶಾಸ್ತ್ರಜ್ಞ ಜೆರೆಮಿ ಗಿಂಜಸ್ ಮತ್ತು ಸಂಗಡಿಗರು 2009ರಲ್ಲಿ ಪರೀಕ್ಷಿಸಿದರು. ಪ್ಯಾಲೆಸ್ತೀನಿನ ಮುಸ್ಲಿಮರ ಸಮೀಕ್ಷೆಯಲ್ಲಿ, ಎಷ್ಟು ಬಾರಿ ಪ್ರಾರ್ಥನೆ ಮಾಡುತ್ತಾರೆ ಎಂಬುದಕ್ಕೂ ಆತ್ಮಾಹುತಿ ದಾಳಿಯನ್ನು ಬೆಂಬಲಿಸುವುದಕ್ಕೂ ನಂಟು ಕಾಣಲಿಲ್ಲ. ಮಸೀದಿಗೆ ಎಷ್ಟು ಸಲ ಹೋಗುತ್ತಾರೆ ಎಂಬುದಕ್ಕೆ ನಂಟು ಕಂಡಿತು. ಇದು ಇಸ್ಲಾಮಿನ ವಿಷಯ ಎಂದು ಯಾರಾದರೂ ಮುಗಿಸುವ ಮೊದಲೇ ಅವರು ಪಶ್ಚಿಮ ದಂಡೆಯಲ್ಲಿ ನೆಲೆಸಿದ ಇಸ್ರೇಲಿ ಯಹೂದಿಗಳಿಗೆ ಫೋನ್ ಮಾಡಿದರು. 1994ರಲ್ಲಿ ಬಾರೂಕ್ ಗೋಲ್ಡ್‌ಸ್ಟೈನ್ ಎಂಬಾತ ಹೆಬ್ರಾನಿನಲ್ಲಿ ಪ್ರಾರ್ಥನೆಯಲ್ಲಿದ್ದ 29 ಮುಸ್ಲಿಮರನ್ನು ಗುಂಡಿಟ್ಟು ಕೊಂದಿದ್ದ. ಅದು ವೀರಕೃತ್ಯವೇ ಎಂದು ಕೇಳುವ ಮುಂಚೆ ಕೆಲವರಿಗೆ ‘ದೇವರಿಗೆ ಎಷ್ಟು ಸಲ ಪ್ರಾರ್ಥಿಸುತ್ತೀರಿ?’ ಎಂದೂ, ಕೆಲವರಿಗೆ ‘ಸಿನಗಾಗಿಗೆ (ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ) ಎಷ್ಟು ಸಲ ಹೋಗುತ್ತೀರಿ?’ ಎಂದೂ ಕೇಳಿದರು. ಅಷ್ಟೇ ವ್ಯತ್ಯಾಸ. ದೇವರ ನೆನಪು ಮಾಡಿಸಿಕೊಂಡವರಲ್ಲಿ ಶೇ 6 ಮಂದಿ ಅದನ್ನು ಮಹಾ ವೀರಕೃತ್ಯ ಎಂದರು. ಸಭೆಯ ನೆನಪು ಮಾಡಿಸಿಕೊಂಡವರಲ್ಲಿ ಶೇ 23. ಬೇರೆ ಬೇರೆ ದೇಶಗಳ ಆರು ಸಮುದಾಯಗಳ ಮಾಹಿತಿಯನ್ನೂ ಅವರು ಜಾಲಾಡಿದರು, ಅದರಲ್ಲಿ ಭಾರತದ ಹಿಂದೂಗಳೂ ಇದ್ದರು. ಅಲ್ಲೂ ಒಟ್ಟಾರೆ ಇದೇ ಜಾಡು.

ಇದರಿಂದ ಗುಡಿ, ಮಸೀದಿ, ಚರ್ಚುಗಳಿಗೆ ಹೋಗುವುದೇ ಕೆಡುಕು ಎಂದು ಯಾರೂ ತೀರ್ಮಾನಿಸಬಾರದು. ಜನ ಒಟ್ಟಿಗೆ ಸೇರುವುದು ‘ನಮ್ಮವರಿಗಾಗಿ ಏನನ್ನಾದರೂ ಬಿಟ್ಟುಕೊಡುತ್ತೇನೆ’ ಎಂಬ ಮನಸ್ಸನ್ನು ಬೆಳೆಸುತ್ತದೆ. ಆ ಬಿಟ್ಟುಕೊಡುವಿಕೆ ಅನ್ನದಾಸೋಹವೂ ಆಗಬಹುದು, ನೆರೆ ಬಂದಾಗ ದೋಣಿ ಇಳಿಸುವುದೂ ಆಗಬಹುದು. ನೆಲೆ ಇಲ್ಲದ ಕಡೆ, ದಶಕಗಟ್ಟಲೆ ರಕ್ತ ಹರಿದಿರುವ ಕಡೆ, ಅದು ಬೇರೆಯೇ ರೂಪ ತಾಳುತ್ತದೆ. ಮಾರಿಷಸ್‌ನಲ್ಲಿ ತಮಿಳರು ತೈಪೂಸಂ ಹಬ್ಬಕ್ಕೆ ಮೈಗೆ ಸೂಜಿ, ಕೊಕ್ಕೆ ಚುಚ್ಚಿಕೊಂಡು ಕಾವಡಿ ಹೊರುತ್ತಾರೆ. ದಿಮಿತ್ರಿಸ್ ಸಿಗಲಾಟಸ್ ಎಂಬ ಮಾನವಶಾಸ್ತ್ರಜ್ಞರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರೀ ಸಾಮೂಹಿಕ ಪ್ರಾರ್ಥನೆಗೆ ಹೋದವರಿಗಿಂತ ಕಾವಡಿ ಹೊತ್ತವರೂ ಅವರ ಜೊತೆ ನಡೆದವರೂ ಗುಟ್ಟಾಗಿ ದಾನ ಮಾಡಲು ಅವಕಾಶ ಕೊಟ್ಟಾಗ ಹೆಚ್ಚು ಕೊಟ್ಟರು. ನನಗೆ ಇನ್ನೂ ಸ್ವಾರಸ್ಯವೆನಿಸಿದ್ದು ಅದೇ ಅಧ್ಯಯನದ ಇನ್ನೊಂದು ಸಂಗತಿ: ಅಷ್ಟು ನೋವು ಕಂಡು ಬಂದವರು ‘ನಾವು ಹಿಂದೂಗಳು’ ಎಂಬುದಕ್ಕಿಂತ ‘ನಾವು ಮಾರಿಷಸ್‌ನವರು’ ಎಂಬ ಕಡೆಗೆ ಹೆಚ್ಚು ವಾಲಿದರು. ಆಚರಣೆ ಗುಂಪಿನ ಗೆರೆಯನ್ನು ಗಟ್ಟಿ ಮಾಡಲೇಬೇಕೆಂದಿಲ್ಲ, ಅದು ಗೆರೆಯನ್ನು ಅಗಲವಾಗಿಯೂ ಎಳೆಯಬಲ್ಲದು.

ಇದಕ್ಕೆ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ರಾಯಚೂರು, ಕೊಪ್ಪಳ, ಯಾದಗಿರಿ, ವಿಜಯಪುರ ಕಡೆಯವರಿಗೆ ಮೊಹರಂ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಪಂಜಾ ಕೂರಿಸುತ್ತಾರೆ, ಅಲಾಯಿ ಕುಣಿ ತೋಡುತ್ತಾರೆ, ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡುತ್ತಾರೆ, ಹರಕೆ ಹೊತ್ತವರು ಸಕ್ಕರೆ ಓದಿಸುತ್ತಾರೆ, ಮನೆಗಳಲ್ಲಿ ಚೊಂಗೆ ಬೇಯುತ್ತದೆ. ಕರ್ಬಲಾದ ಇತಿಹಾಸವನ್ನು ಪರೀಕ್ಷೆಗೆ ಕೇಳಿದರೆ ಅವರಲ್ಲಿ ಬಹಳ ಮಂದಿ ಪಾಸಾಗುವುದಿಲ್ಲ. ಅದು ಅವರಿಗೆ ಬೇಕಾಗಿಯೂ ಇಲ್ಲ. ಅವರು ಸೇರಿದ್ದು ಊರಿನ ಹಬ್ಬಕ್ಕೆ. ಹಬ್ಬದಲ್ಲಿ ಕೂಡಿದ ಕೈಗಳು ಬೇರೆ ದಿನ ಕಲ್ಲು ಎತ್ತುವುದೇ ಇಲ್ಲ ಎಂಬ ಖಾತರಿಯನ್ನೂ ನಾನು ಕೊಡಲಾರೆ. ಆದರೆ ‘ನಮ್ಮವರು’ ಎಂಬ ಪದಕ್ಕೆ ಒಂದೇ ಅರ್ಥವಿರಬೇಕೆಂಬ ಹಟ ಅಲ್ಲಿಲ್ಲ.

ಈಗ ನಿಮ್ಮ ತಾಯಿಯ ವಿಷಯ. ನೀವು ಅವರನ್ನು ಒಂದು ಕಡೆ, ತಮ್ಮನನ್ನು ಇನ್ನೊಂದು ಕಡೆ ನಿಲ್ಲಿಸಿದ್ದೀರಿ: ಭಕ್ತಿ ಇದ್ದಲ್ಲಿ ಸೌಹಾರ್ದ, ಭಕ್ತಿ ಇಲ್ಲದಲ್ಲಿ ದ್ವೇಷ ಎಂದು. ಕೇಳಲು ಹಿತವಾಗಿದೆ. ಗಾರ್ಡನ್ ಆಲ್‌ಪೋರ್ಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1967ರಲ್ಲಿ ಇದಕ್ಕೆ ಹತ್ತಿರದ ಮಾತನ್ನೇ ಬರೆದರು. ಧರ್ಮವನ್ನು ಬದುಕುವವರು ಮತ್ತು ಧರ್ಮವನ್ನು ಬಳಸುವವರು ಎಂದು ಎರಡು ಬಗೆ, ಆಗೊಮ್ಮೆ ಈಗೊಮ್ಮೆ ಚರ್ಚಿಗೆ ಹೋಗುವವರಲ್ಲಿ ಪೂರ್ವಗ್ರಹ ಹೆಚ್ಚು, ತಪ್ಪದೆ ಹೋಗುವವರಲ್ಲಿ ಕಡಿಮೆ ಎಂಬುದು ಅವರ ವಾದ. ಮುಂದೆ ಡೇನಿಯಲ್ ಬ್ಯಾಟ್ಸನ್ ಮುಂತಾದವರು ಅದನ್ನು ಕೆದಕಿದರು: ನಿಷ್ಠಾವಂತರು ಪ್ರಶ್ನಾವಳಿಯಲ್ಲಿ ತಮಗೆ ಪೂರ್ವಗ್ರಹವಿಲ್ಲ ಎಂದು ಬರೆಯುತ್ತಾರೆ ನಿಜ, ಆದರೆ ಯಾರ ಪಕ್ಕದಲ್ಲಿ ಕೂರುತ್ತಾರೆ ಎಂದು ನೋಡಿದರೆ ಕಥೆ ಅಷ್ಟು ಚೆಂದವಿಲ್ಲ. ಆಲ್‌ಪೋರ್ಟ್ ಹೇಳಿದ್ದಕ್ಕೂ ಗಿಂಜಸ್ ಕಂಡದ್ದಕ್ಕೂ ಪೂರ್ತಿ ತಾಳೆಯಾಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಒಬ್ಬರು ಅಮೆರಿಕದ ಚರ್ಚುಗಳನ್ನು ನೋಡಿದರು, ಇನ್ನೊಬ್ಬರು ಯುದ್ಧದ ನೆಲವನ್ನು.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ‘ಅಮ್ಮ ತಿನ್ನುವುದಿಲ್ಲ, ಅಷ್ಟೇ’ ಎಂಬ ಸಾಲನ್ನು. ಆ ‘ಅಷ್ಟೇ’ ಚಿಕ್ಕದಲ್ಲ. ಪಕ್ಕದ ಮನೆಯವರಿಗೆ ಅದು ಇಷ್ಟು ವರ್ಷಗಳಲ್ಲಿ ಗೊತ್ತಾಗದೆ ಇರುತ್ತದೆ ಎಂದುಕೊಂಡಿದ್ದೀರಾ? ಪ್ಯೂ ಸಮೀಕ್ಷೆಯಲ್ಲಿ ಎಲ್ಲ ಧರ್ಮಗಳನ್ನೂ ಗೌರವಿಸುವುದು ನಿಜವಾದ ಭಾರತೀಯನಿಗೆ ಬಹಳ ಮುಖ್ಯ ಎಂದವರು ಶೇ 84. ಅದೇ ಜನರಲ್ಲಿ, ತಮ್ಮ ಹೆಣ್ಣುಮಕ್ಕಳು ಧರ್ಮದಾಚೆ ಮದುವೆಯಾಗದಂತೆ ತಡೆಯುವುದು ಬಹಳ ಮುಖ್ಯ ಎಂದ ಹಿಂದೂಗಳು ಶೇ 67, ಮುಸ್ಲಿಮರು ಶೇ 80. ಒಟ್ಟಿಗಿರೋಣ, ಆದರೆ ನೀವು ಅಲ್ಲಿ, ನಾವು ಇಲ್ಲಿ. ನಿಮ್ಮ ತಾಯಿಯ ತಲೆಮಾರಿನ ಸೌಹಾರ್ದ ಬಹುಮಟ್ಟಿಗೆ ಈ ಬಗೆಯದು. ಗೆರೆ ಅವರಿಗೂ ಇದೆ, ನಿಮ್ಮ ತಮ್ಮನ ಗೆರೆಗಿಂತ ಹಳೆಯದು, ಬಹುಶಃ ಅವನು ಕಲಿತದ್ದೂ ಅಡುಗೆಮನೆಯ ಬಾಗಿಲಲ್ಲೇ.

ಹಾಗಾದರೆ ವ್ಯತ್ಯಾಸವೇನು? ನಿಮ್ಮ ತಾಯಿಗೆ ತಾನು ಯಾರೆಂದು ತಿಳಿಯಲು ಪಕ್ಕದ ಮನೆಯವರು ಬೇಕಾಗಿಲ್ಲ. ಬೆಳಗ್ಗೆ ಎದ್ದು ಮಾಡುವ ಪ್ರಾರ್ಥನೆ, ಉಪವಾಸದ ದಿನದ ಅಡುಗೆ, ಬಾಯಿಪಾಠವಾದ ಹಾಡು, ಹರಕೆ ತೀರಿಸಲು ಹೋಗುವ ಊರು, ಬಂಧುಬಳಗದ ಮದುವೆ ಮುಂಜಿ ತಿಥಿ ಖತ್ನಾ ನಾಮಕರಣಗಳ ಲೆಕ್ಕ (ನಿಮ್ಮ ಧರ್ಮ ಯಾವುದೋ ಅದಕ್ಕೆ ಸಲ್ಲುವುದನ್ನು ಇಟ್ಟುಕೊಳ್ಳಿ), ಇವೆಲ್ಲ ಸೇರಿ ಅವರನ್ನು ಅವರನ್ನಾಗಿ ಮಾಡಿವೆ. ಇವುಗಳಲ್ಲಿ ಯಾವುದಕ್ಕೂ ಎದುರಾಳಿ ಬೇಡ. ನಿಮ್ಮ ತಮ್ಮ ಅವನ್ನೆಲ್ಲ ಒಂದೊಂದಾಗಿ ಬಿಟ್ಟ. ಹಾಡು ಬಾರದು, ಉಪವಾಸವಿಲ್ಲ, ಊರಿಗೆ ವರ್ಷಕ್ಕೊಮ್ಮೆ. ಉಳಿದದ್ದು ಹೆಸರು ಮತ್ತು ಗೆರೆ. ಗೆರೆಯೊಂದನ್ನೇ ನೆಚ್ಚಿಕೊಂಡವನಿಗೆ ಆಚೆ ಕಡೆ ಯಾರಾದರೂ ಇರಲೇಬೇಕು, ಇಲ್ಲದಿದ್ದರೆ ಈಚೆ ಕಡೆ ಎಂಬುದಕ್ಕೆ ಅರ್ಥವಿಲ್ಲ. ಇದು ನನ್ನ ತಿಳಿವಳಿಕೆ, ಪ್ರಯೋಗಶಾಲೆಯಲ್ಲಿ ಸಾಬೀತಾದ ಸೂತ್ರವಲ್ಲ. ಆದರೆ ಸಮಾಲೋಚನೆಗೆ ಬರುವ ಕುಟುಂಬಗಳಲ್ಲಿ ಈ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೆಂದರೆ, ಯಾವ ಧರ್ಮದವರೆಂದು ಕೇಳುವುದನ್ನು ಬಿಟ್ಟಿದ್ದೇನೆ.

ಕೆಲಸ ಹೋದ ಮಾತನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಅಲ್ಲಿಂದ ಶುರು ಮಾಡುತ್ತಿದ್ದೆ. ಮೈಕೆಲ್ ಹಾಗ್ ಎಂಬ ಸಾಮಾಜಿಕ ಮನಶ್ಶಾಸ್ತ್ರಜ್ಞರ ಸಿದ್ಧಾಂತವೇ ಇದರ ಮೇಲೆ ನಿಂತಿದೆ: ತನ್ನ ಬಗ್ಗೆ, ತನ್ನ ನಾಳೆಯ ಬಗ್ಗೆ ಅನಿಶ್ಚಿತತೆ ಹೆಚ್ಚಿದಾಗ ಮನುಷ್ಯ ಗುಂಪಿಗೆ ಅಂಟಿಕೊಳ್ಳುತ್ತಾನೆ, ಅದರಲ್ಲೂ ಗಡಿ ಸ್ಪಷ್ಟವಾಗಿರುವ, ‘ಹೌದು–ಅಲ್ಲ’ ಎಂದು ಖಡಾಖಂಡಿತವಾಗಿ ಹೇಳುವ ಗುಂಪಿಗೆ. ಸಡಿಲವಾದ ಗುಂಪು ಆಗ ರುಚಿಸುವುದಿಲ್ಲ. ಬಾಡಿಗೆ ಕೋಣೆ, ಹೆಸರು ಗೊತ್ತಿಲ್ಲದ ಪಕ್ಕದ ಮನೆ, ಯಾವಾಗ ಬೇಕಾದರೂ ಕೈಬಿಡಬಹುದಾದ ಕಂಪನಿ. ಇದರ ನಡುವೆ ರಾತ್ರಿ ಮೊಬೈಲ್ ತೆರೆದರೆ ಒಂದು ಗುಂಪು ‘ನೀನು ಸಾವಿರಾರು ವರ್ಷಗಳ ಪರಂಪರೆಯವನು, ನಿನಗೆ ಅನ್ಯಾಯವಾಗಿದೆ, ನಾವಿದ್ದೇವೆ’ ಎನ್ನುತ್ತದೆ. ಇದಕ್ಕಿಂತ ಹಿತವಾದ ಮಾತನ್ನು ಆ ದಿನಗಳಲ್ಲಿ ಅವನಿಗೆ ಬೇರೆ ಯಾರಾದರೂ ಹೇಳಿದ್ದರೇ? ಕೆಲಸ ಕಳೆದುಕೊಂಡವರೆಲ್ಲ ಹೀಗಾಗುವುದಿಲ್ಲ, ಹೀಗಾದವರೆಲ್ಲ ಕೆಲಸ ಕಳೆದುಕೊಂಡವರೂ ಅಲ್ಲ. ಅಮೆರಿಕ, ಕೊಲ್ಲಿ ದೇಶಗಳಿಗೆ ಹೋದ ನಮ್ಮವರಲ್ಲಿ ಊರಿನಲ್ಲಿದ್ದಾಗ ಇಲ್ಲದ ಧರ್ಮಶ್ರದ್ಧೆ ಅಲ್ಲಿ ಹುಟ್ಟಿಕೊಳ್ಳುವುದನ್ನು ನೋಡಿದವರಿಗೆ ಈ ಮಾತು ಹೊಸದೆನಿಸದು.

ಸುಳ್ಳು ಸುದ್ದಿಯೆಂದು ತೋರಿಸಿದರೆ ಅವನು ಕೆರಳುವುದೂ ಇದೇ ಕಾರಣಕ್ಕೆ. ಎಂಜಿನಿಯರ್ ಆದವನಿಗೆ ಲೆಕ್ಕ ತಿಳಿಯುವುದಿಲ್ಲವೇ ಎಂದು ನಿಮಗೆ ಅನಿಸಿರಬಹುದು. ಅಮೆರಿಕದ ಸಂಶೋಧಕ ಡ್ಯಾನ್ ಕಹಾನ್ 2013ರಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಅಂಕಿಅಂಶದ ಒಂದು ಸಣ್ಣ ಕೋಷ್ಟಕ ಕೊಟ್ಟರು. ಕೆಲವರಿಗೆ ಅದು ಚರ್ಮದ ಮುಲಾಮಿನ ಫಲಿತಾಂಶವೆಂದೂ ಕೆಲವರಿಗೆ ಬಂದೂಕು ನಿಯಂತ್ರಣ ಕಾನೂನಿನ ಫಲಿತಾಂಶವೆಂದೂ ಹೇಳಿದರು. ಅಂಕಿಗಳು ಅವೇ. ಮುಲಾಮಿನ ವಿಷಯದಲ್ಲಿ ಲೆಕ್ಕ ಬಲ್ಲವರು ಸರಿಯಾಗಿ ಓದಿದರು. ಬಂದೂಕಿನ ವಿಷಯ ಬಂದಾಗ ಉತ್ತರ ತಮ್ಮ ಪಕ್ಷಕ್ಕೆ ಒಪ್ಪಿದರೆ ಮಾತ್ರ ಸರಿಯಾಗಿ ಓದಿದರು. ಬುದ್ಧಿವಂತರಲ್ಲಿ ಈ ದೋಷ ಇನ್ನೂ ಹೆಚ್ಚು ಎಂಬ ಅವರ ಮಾತು ಮುಂದಿನ ಮರುಪ್ರಯೋಗಗಳಲ್ಲಿ ಅಷ್ಟು ಗಟ್ಟಿಯಾಗಿ ನಿಂತಿಲ್ಲ. ಆದರೂ ಬುದ್ಧಿವಂತಿಕೆಯೊಂದೇ ಸಾಕಷ್ಟು ರಕ್ಷೆ ಎನ್ನಲಾಗದು. ಕುಟುಂಬದ ಗುಂಪಿನಲ್ಲಿ, ಅತ್ತೆ ಮಾವ ಚಿಕ್ಕಪ್ಪಂದಿರ ಎದುರಿಗೆ ‘ಇದು ಸುಳ್ಳು, ಇಲ್ಲಿದೆ ನೋಡು’ ಎಂದು ನೀವು ಕೊಂಡಿ ಹಾಕಿದಾಗ ಅವನಿಗೆ ಕೇಳಿಸುವುದು ‘ಈ ಸುದ್ದಿ ತಪ್ಪು’ ಎಂದಲ್ಲ, ‘ಅಕ್ಕ ಆ ಕಡೆ ಸೇರಿದಳು’ ಎಂದು.

ಇಂಥ ಸಂದರ್ಭದಲ್ಲಿ ಎಲ್ಲರೂ ಹೇಳುವ ಒಂದು ಪ್ರಸಿದ್ಧ ಉದಾಹರಣೆ ಇದೆ: 1954ರ ಡಿಸೆಂಬರಿನಲ್ಲಿ ಜಗತ್ಪ್ರಳಯಕ್ಕೆ ಕಾದು ಕುಳಿತ ಷಿಕಾಗೊ ಬಳಿಯ ಸಣ್ಣ ಪಂಥ, ಪ್ರಳಯ ಬಾರದಿದ್ದಾಗ ನಂಬಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು ಎಂಬ ಕಥೆ. ಪಠ್ಯಪುಸ್ತಕಗಳಲ್ಲೆಲ್ಲ ಇದೆ. ಆ ಪ್ರಕರಣದ ಕಡತಗಳನ್ನು ಇತ್ತೀಚೆಗೆ ತೆರೆದು ನೋಡಿದವರು ಅದರ ವರದಿಯ ಬಗ್ಗೆ ಗಂಭೀರ ಆಕ್ಷೇಪ ಎತ್ತಿದ್ದಾರೆ. ಹಾಗಾಗಿ ನಾನು ಅದನ್ನು ಆಧಾರವಾಗಿ ಬಳಸುವುದಿಲ್ಲ.

ಏನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. ‘ಒಬ್ಬರನ್ನೊಬ್ಬರು ಅರಿತರೆ ಎಲ್ಲ ಸರಿಹೋಗುತ್ತದೆ’ ಎಂಬ ಸಲಹೆ ಅರ್ಧ ನಿಜ. ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ 2017ರಲ್ಲಿ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಲೀಗ್‌ಗಳನ್ನೇ ನಡೆಸಿದರು. ಯುವಕರನ್ನು ಚೀಟಿ ಎತ್ತಿ ಕೆಲವು ತಂಡಗಳನ್ನು ಒಂದೇ ಜಾತಿಯವರಿಂದ, ಕೆಲವನ್ನು ಬೇರೆ ಬೇರೆ ಜಾತಿಯವರಿಂದ ಕಟ್ಟಿದರು. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿಯಾಚೆಯ ಗೆಳೆತನ ಬೆಳೆಯಿತು. ಎದುರು ತಂಡದಲ್ಲಿ ಬೇರೆ ಜಾತಿಯವರನ್ನು ಕಂಡವರಲ್ಲಿ ಅದು ಕುಗ್ಗಿತು. ಇರಾಕಿನಲ್ಲಿ ಐಸಿಸ್ ದಾಳಿಯಿಂದ ಊರು ಬಿಟ್ಟಿದ್ದ ಕ್ರೈಸ್ತರ ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿದ ಸಲ್ಮಾ ಮೂಸಾ ಅವರ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಮೈದಾನದಲ್ಲಿ ಸ್ನೇಹ ಬೆಳೆದು ತಿಂಗಳುಗಟ್ಟಲೆ ಉಳಿಯಿತು, ಮೈದಾನದ ಹೊರಗಿನ ಅಪರಿಚಿತ ಮುಸ್ಲಿಮರವರೆಗೆ ಅದು ಹೆಚ್ಚು ಹರಡಲಿಲ್ಲ. ರಾಜಕೀಯಶಾಸ್ತ್ರಜ್ಞ ಅಶುತೋಷ್ ವರ್ಷ್ನೆ ನ್ಯಾಯವಾಗಿಯೇ ಹೆಸರಾದದ್ದು ಕೋಳಿಕ್ಕೋಡ್ ಮತ್ತು ಅಲಿಗಢವನ್ನು ಹೋಲಿಸಿದ ಕೆಲಸಕ್ಕೆ. ಎರಡೂ ಊರುಗಳಲ್ಲಿ ಮುಸ್ಲಿಮರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಅಲಿಗಢದಲ್ಲಿ ಪದೇ ಪದೇ ಗಲಭೆ, ಕೋಳಿಕ್ಕೋಡಿನಲ್ಲಿ ಶಾಂತಿ. ಅವರ ಉತ್ತರ: ಬೀದಿಯ ನಮಸ್ಕಾರ ಸಲಾಮು ಸಾಲದು, ವ್ಯಾಪಾರಿ ಸಂಘ, ಕಾರ್ಮಿಕ ಸಂಘಗಳಂಥ ಕಡೆ ಇಬ್ಬರ ಹಿತವೂ ಒಂದಕ್ಕೊಂದು ಗಂಟುಬಿದ್ದಿರಬೇಕು.

ಹಾಗಾಗಿ ನಿಮ್ಮ ತಮ್ಮನನ್ನು ಪಕ್ಕದ ಮನೆಗೆ ಕರೆದೊಯ್ದು ಕ್ಷಮೆ ಕೇಳಿಸುವ ಯೋಚನೆಯಿದ್ದರೆ ಬಿಡಿ, ಅದು ಎದುರು ತಂಡದ ಆಟ. ಎರಡು ಮನೆಗೂ ಒಂದೇ ಕಾಂಪೌಂಡ್, ಒಂದೇ ಚರಂಡಿ, ಬಹುಶಃ ಒಂದೇ ಕೊಳವೆಬಾವಿಯ ತಕರಾರು ಇದ್ದೇ ಇರುತ್ತದೆ. ಮುಂದಿನ ಸಲ ಅವನು ಬಂದಾಗ ಅಂಥ ಕೆಲಸವೊಂದನ್ನು ಅವನ ಮತ್ತು ಆ ಮನೆಯ ಮಗನ ತಲೆಗೆ ಕಟ್ಟಿ, ನೀವು ದೂರವಿರಿ. ಒಂದು ಕೆಲಸದಿಂದ ಮನಸ್ಸು ಬದಲಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ‘ಅವರು’ ಎಂಬುದರೊಳಗೆ ಒಬ್ಬನಿಗಾದರೂ ಹೆಸರು ಬರುತ್ತದೆ.

ಮಾತನಾಡುವುದಾದರೆ ಒಬ್ಬನೇ ಇರುವಾಗ ಮಾತನಾಡಿ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ 2016ರಲ್ಲಿ ಪ್ರಕಟಿಸಿದ ಮಯಾಮಿಯ ಅಧ್ಯಯನದಲ್ಲಿ, ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ ಪೂರ್ವಗ್ರಹವನ್ನು ಮನೆಬಾಗಿಲಿನ ಸುಮಾರು ಹತ್ತು ನಿಮಿಷದ ಮಾತುಕತೆ ಕಡಿಮೆ ಮಾಡಿತು, ಪರಿಣಾಮ ಮೂರು ತಿಂಗಳಾದರೂ ಉಳಿಯಿತು. ಅಲ್ಲಿ ವಾದವಿರಲಿಲ್ಲ. ‘ನಿಮ್ಮನ್ನು ಯಾರಾದರೂ ಬೇರೆಯವರೆಂದು ನೋಡಿದ ಅನುಭವ ಇದೆಯೇ?’ ಎಂದು ಕೇಳಿ, ಪೂರ್ತಿ ಕೇಳಿಸಿಕೊಂಡರು. ನೀವು ಕೇಳಬೇಕಾದದ್ದು ಧರ್ಮದ ಬಗ್ಗೆ ಅಲ್ಲ, ಕೆಲಸ ಹೋದ ತಿಂಗಳುಗಳ ಬಗ್ಗೆ. ಯಾರಿಗೆ ಹೇಳಿಕೊಂಡೆ, ಯಾರು ಫೋನ್ ಎತ್ತಲಿಲ್ಲ, ರಾತ್ರಿ ಏನು ಮಾಡುತ್ತಿದ್ದೆ ಎಂದು. ಅಮ್ಮನ ಪ್ರಾರ್ಥನೆಯ ಹಾಡೊಂದನ್ನು ಬರೆದುಕೊಡಲು ಹೇಳಿ, ಹಬ್ಬದ ಅಡುಗೆಗೆ ಅವನನ್ನು ಒಲೆಯ ಮುಂದೆ ನಿಲ್ಲಿಸಿ. ನಾನು ಧಾರ್ಮಿಕನಲ್ಲ, ಆದರೂ ಈ ಸಲಹೆ ಕೊಡುತ್ತಿದ್ದೇನೆ: ಧರ್ಮದಿಂದ ಅವನಿಗೆ ಸಿಗಬಹುದಾದದ್ದರಲ್ಲಿ ಸಿಟ್ಟೊಂದೇ ಅವನ ಪಾಲಿಗೆ ಬಂದಿರುವುದು ಅನ್ಯಾಯ.

ಅವನು ಬೆದರಿಕೆ ಹಾಕತೊಡಗಿದರೆ, ಯಾರದೋ ವಿಳಾಸ, ಫೋಟೊ ಹಂಚತೊಡಗಿದರೆ, ರಾತ್ರಿ ಯಾವುದೋ ‘ಕೆಲಸ’ಕ್ಕೆ ಹೋಗತೊಡಗಿದರೆ, ಆಗ ಮೇಲಿನದೆಲ್ಲವನ್ನೂ ಬದಿಗಿಡಿ. ಅದು ಸಮಾಲೋಚನೆಯ ವಿಷಯವಾಗಿ ಉಳಿಯುವುದಿಲ್ಲ. ಮನೆಯ ಹಿರಿಯರನ್ನೂ ಕಾನೂನು ಬಲ್ಲವರನ್ನೂ ತಡಮಾಡದೆ ಕೂಡಿಸಿ. ನಿದ್ದೆ ಕೆಟ್ಟಿದ್ದರೆ, ಕುಡಿತ ಹೆಚ್ಚಿದ್ದರೆ ಮನೋವೈದ್ಯರನ್ನು ಕಾಣಲಿ, ಧರ್ಮದ ಮಾತೆತ್ತದೆ ನಿದ್ದೆಯ ಹೆಸರಿನಲ್ಲೇ ಕರೆದೊಯ್ಯಿರಿ.

ಗುಂಪನ್ನು ಬಿಡಬೇಡಿ. ಬಿಟ್ಟರೆ ಅವನ ಮೊಬೈಲಿನಲ್ಲಿ ಒಪ್ಪದವರ ಹೆಸರು ಒಂದು ಕಡಿಮೆಯಾಗುತ್ತದೆ. ಸದ್ದು ಬಾರದಂತೆ ಮಾಡಿಟ್ಟುಕೊಳ್ಳಿ, ಅಲ್ಲಿ ಉತ್ತರ ಕೊಡಬೇಡಿ, ತೀರಾ ಹೊಲಸಾದ ಸಂದೇಶ ಬಂದರೆ ‘ಇದು ನನಗೆ ಒಪ್ಪಿಗೆಯಿಲ್ಲ’ ಎಂದು ಒಂದೇ ಸಾಲು ಬರೆದು ಸುಮ್ಮನಿರಿ. ಸುಮ್ಮನೆ ಓದುವ ಚಿಕ್ಕವರಿಗೆ ಆ ಒಂದು ಸಾಲು ಬೇಕು. ಉಳಿದ ಮಾತನ್ನು ಭಾನುವಾರ ಫೋನಿನಲ್ಲಿ ಆಡಿ. ಅಡುಗೆಯ ವಿಷಯದಲ್ಲಿ ಅಮ್ಮನೊಂದಿಗೂ ಒಮ್ಮೆ ಮಾತನಾಡಬೇಕಾಗುತ್ತದೆ, ಅದು ತಮ್ಮನೊಂದಿಗೆ ಆಡುವ ಮಾತಿಗಿಂತ ಕಷ್ಟವಾದೀತು.